ಅಕ್ಕನ ಸ್ಕ್ಯಾನಿನಲ್ಲಿ ಕಂಡ ಬಿಳಿ ಚುಕ್ಕಿ

ಇಲ್ಲದ್ದನ್ನು ಕಂಡೆ ಎನ್ನುವವರೆಂದರೆ ನನಗೆ ಮೊದಲಿನಿಂದಲೂ ಆಗದು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ನೋಡಿ ವರದಿ ಬರೆಯುವ ಡಾಕ್ಟರು ನಾನು. ಚಿತ್ರದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಶಕುನ, ದೆವ್ವ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಹೊರಟಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹರಿಹರದಲ್ಲಿ ನನ್ನ ಅಕ್ಕ ಬೆಳಿಗ್ಗೆ ಪೂಜೆಗೆ ಕೂತಾಗ ಎಡಗೈಯಲ್ಲಿದ್ದ ಇಷ್ಟಲಿಂಗ ಜಾರಿ ಬಿತ್ತು. ನಮ್ಮ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಕೈ ಸೋತಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಅಪಚಾರವಾಯಿತೆಂದು ಹೆದರಿ, ಯಾರಿಗೂ ಹೇಳದೆ, ಇನ್ನೊಮ್ಮೆ ಸ್ನಾನ ಮಾಡಿ, ಉಪವಾಸವಿದ್ದು ಮತ್ತೆ ಪೂಜೆಗೆ ಕೂತಳು. ಮಧ್ಯಾಹ್ನ ಬಟ್ಟೆ ಅಂಗಡಿಯಿಂದ ಊಟಕ್ಕೆ ಬಂದ ಭಾವ ಅವಳ ಬಾಯಿ ಸೊಟ್ಟಗಾದದ್ದು ನೋಡಿ ಕಾರಿಗೆ ಹತ್ತಿಸಿಕೊಂಡರು. ದಾವಣಗೆರೆಯ ದಾರಿಯಲ್ಲಿ ಬಾತಿ ಹಳ್ಳಿ ದಾಟುವಾಗ ನನಗೆ ಫೋನ್ ಮಾಡಿದರು.

“ಲಿಂಗ ಬಿತ್ತು ಅಂತ ಹೆಂಗೆ ಹೇಳ್ಲಿ? ನೀನು ಬೈಬ್ಯಾಡ,” ಎಂದಳು ಅಕ್ಕ, ಸ್ಟ್ರೆಚರಿನ ಮೇಲೆ. ಬಯ್ಯಲು ನನಗೆ ಬಾಯಿ ಎಲ್ಲಿತ್ತು! ಅವ್ವ ಹೋದ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅವಳು.

ಮೆದುಳಿನೊಳಗೆ ರಕ್ತ ಸೋರಿ ಸಣ್ಣ ಗಡ್ಡೆಯಾಗಿತ್ತು. ಅದು ಇನ್ನೂ ಹೆಚ್ಚುತ್ತದೋ, ಅಷ್ಟಕ್ಕೇ ನಿಲ್ಲುತ್ತದೋ ಎಂದು ಮೊದಲ ಚಿತ್ರ ನೋಡಿಯೇ ಅಂದಾಜು ಮಾಡುತ್ತೇವೆ. ರಕ್ತನಾಳಕ್ಕೆ ಔಷಧಿ ಬಿಟ್ಟು ತೆಗೆದ ಚಿತ್ರದಲ್ಲಿ ಗಡ್ಡೆಯೊಳಗೆ ಬಿಳಿ ಚುಕ್ಕಿ ಕಂಡರೆ ಇನ್ನೂ ಸೋರುತ್ತಿದೆ, ಹೆಚ್ಚುವ ಭಯವಿದೆ ಎಂದರ್ಥ. ಅಕ್ಕನ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಿದ್ದೆ. ಗಡ್ಡೆಯ ಹಿಂದಿನ ಅಂಚಿನಲ್ಲಿ ಅಕ್ಕಿನುಚ್ಚಿನಷ್ಟು ಚುಕ್ಕಿ ಇತ್ತು. ಕಣ್ಣು ಮುಚ್ಚಿ ತೆರೆದೆ, ಆಗಲೂ ಇತ್ತು.

ಓಡಿಹೋಗಿ ನನ್ನ ಹಿರಿಯ ಸಹೋದ್ಯೋಗಿಯನ್ನು ಕರೆತಂದೆ. ಬೆರಳಿಟ್ಟು ತೋರಿಸಲು ಹೋದರೆ ಚುಕ್ಕಿಯೇ ಇಲ್ಲ. ಹಿಂದೆ ಮುಂದೆ ಸರಿಸಿದೆವು, ದೊಡ್ಡದು ಮಾಡಿ ನೋಡಿದೆವು, ಊಹೂಂ. ಗಡ್ಡೆಯನ್ನು ಅಳೆದು ಅಂದಾಜು ಹೇಳುವ ಕಂಪ್ಯೂಟರಿನ ಲೆಕ್ಕವೂ ಹೆಚ್ಚುವ ಸಂಭವ ಕಡಿಮೆ ಎಂದಿತು.

“ಸ್ವಂತದೋರ ಸ್ಕ್ಯಾನ್ ನೋಡಬ್ಯಾಡ್ರಿ ಅಂತ ಅದಕ್ಕೇ ಅನ್ನೋದು ಮೇಡಂ. ಬೆಳಿಗ್ಗಿಂದ ಇಷ್ಟೇ ಐತೆ ಅಂದ್ರ ರಕ್ತ ನಿಂತೈತೆ. ಹೋಗಿ ಚಾ ಕುಡೀರಿ,” ಎಂದರು ಅವರು. ಅದರಲ್ಲಿ ತಪ್ಪೇನೂ ಇರಲಿಲ್ಲ. ರಕ್ತ ನಿಂತಿದೆ ಎಂದಷ್ಟೇ ಅವರಿಂದ ಕೇಳಿ, ಹೊರಗಿದ್ದ ಭಾವ ಧೈರ್ಯ ತಂದುಕೊಂಡು, ಅವಳ ಸೀರೆ, ಹೊದಿಕೆ ತರಲು ಹರಿಹರಕ್ಕೆ ಹೊರಟರು.

ನಾನು ಮಾತ್ರ ಹಟ ಹಿಡಿದು ಅಕ್ಕನನ್ನು ಐಸಿಯುಗೆ ಸೇರಿಸಿದೆ, ಆಪರೇಷನ್ ಡಾಕ್ಟರನ್ನೂ ಕರೆಸಿ ಕೂರಿಸಿದೆ. “ಇವಳ ಗಾಬರಿ ನೋಡ್ರಿ,” ಎಂದು ಅಕ್ಕ ಸೊಟ್ಟ ಬಾಯಲ್ಲೇ ನರ್ಸಿಗೆ ಹೇಳಿ ನಕ್ಕಳು. ಸಂಜೆಯ ಹೊತ್ತಿಗೆ, ಭಾವ ಮರಳುವ ಮೊದಲೇ, ಮಾತಾಡುತ್ತಿದ್ದವಳು ನಡುವೆಯೇ ಪ್ರಜ್ಞೆ ತಪ್ಪಿದಳು. ಎರಡನೇ ಸ್ಕ್ಯಾನಿನಲ್ಲಿ ರಕ್ತ ಎಲ್ಲೆಲ್ಲೂ ಹರಡಿತ್ತು, ಅದೂ ನಾನು ತೋರಿಸಲು ಹೋದ ಅಂಚಿನ ಕಡೆಯೇ. ಕೂಡಲೇ ಆಪರೇಷನ್ ಮಾಡಿದರು. ಅಕ್ಕ ಉಳಿಯಲಿಲ್ಲ.

ಆ ಮೊದಲ ಚಿತ್ರಗಳನ್ನು ಎಷ್ಟು ಸಲ ತೆರೆದಿದ್ದೇನೋ ಲೆಕ್ಕವಿಲ್ಲ. ದೊಡ್ಡ ದೊಡ್ಡ ತಜ್ಞರಿಗೂ ತೋರಿಸಿದೆ. ಚುಕ್ಕಿ ಇಲ್ಲ ಎಂದೇ ಎಲ್ಲರೂ ಅಂದರು, ನನ್ನ ಕಣ್ಣಿಗೂ ಮತ್ತೆ ಕಾಣಲಿಲ್ಲ. ಭಯಕ್ಕೆ ಹಾಗೆ ಕಂಡಿತು ಎನ್ನೋಣ. ಆದರೆ ಭಯಕ್ಕೆ ಜಾಗ ಹೇಗೆ ಗೊತ್ತಾಯಿತು?

ಮಣ್ಣು ಮಾಡಿದ ಮೇಲೆ ಭಾವ ನನ್ನ ಪಕ್ಕ ಬಂದು ಕೂತರು.

“ನಿನಗೆ ಮೊದ್ಲೇ ಕಂಡಿತ್ತಂತೆ, ಹೌದೇನವ್ವ?”

ಹೌದೆನ್ನಲು ಸಾಕ್ಷಿಯಿಲ್ಲ, ಇಲ್ಲವೆನ್ನಲು ಮನಸ್ಸಿಲ್ಲ.

“ನನಗೊಂದು ಮಾತು ಹೇಳಬಾರದಿತ್ತಾ,” ಎಂದರು. “ಸೀರೆ ತರಾಕ ಹೋಗ್ತಿರ್ಲಿಲ್ಲ. ಅವಳ ಹತ್ರ ಕೂಡ್ತಿದ್ದೆ.”