ಚಿತ್ರದವಳಿಗೊಂದು ಕುರ್ಚಿ

ಗೆಳೆಯರೇ, ಇವತ್ತು ಪುಣೆಯ ಚಿತ್ರಪ್ರದರ್ಶನದಲ್ಲಿ ಅಜ್ಜಿ ನನ್ನ ಮಾನ ಕಳೆದಳು. ಕಲಾವಿದನೊಬ್ಬ ಹರೆಯದಲ್ಲಿ ಬರೆದ ಚಿತ್ರ. ಪೆನ್ಸಿಲಿನ ನಾಲ್ಕು ಗೆರೆ, ತೆಳು ನೀಲಿ ಜಲವರ್ಣ, ಕುಳಿತಿರುವ ಹೆಂಗಸು. ಅವಳ ಕೆಳಗೆ ಕುರ್ಚಿಯೇ ಇಲ್ಲ, ಬರೀ ಬಿಳಿ ಕಾಗದ.

“ಪಾಪ, ಎಷ್ಟೊತ್ತು ಹಿಂಗ ಕುಂತಿರ್ತಾಳ? ಸೊಂಟ ನೋಯಂಗಿಲ್ಲೇನು?”

ಕಾವಲುಗಾರ ನೀರು ಕುಡಿಯಲು ಎದ್ದದ್ದೇ ತಡ, ಅಜ್ಜಿ ಅವನ ಕುರ್ಚಿಯನ್ನು ಎಳೆತಂದು ಚಿತ್ರದ ಕೆಳಗಿಟ್ಟಳು. ಗಾಬರಿಯಿಂದ ಎತ್ತಲು ಹೋದೆ.

“ತಡಿ, ಆಕಿ ಈಗಷ್ಟೇ ಕುಂತಾಳ. ಎಬ್ಬಿಸಬ್ಯಾಡ.”

ನೋಡಿದರೆ, ಆ ನೀಲಿ ಭುಜಗಳು ನಿಜಕ್ಕೂ ಸಡಿಲಾದಂತೆ ಕಂಡವು. ಕೈ ಹಿಂದೆಳೆದುಕೊಂಡೆ.

ಕಾವಲುಗಾರ ಮರಳಿ ಬಂದ. ಕುರ್ಚಿ ನೋಡಿದ, ಚಿತ್ರ ನೋಡಿದ. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವನು ಮರಾಠಿಯಲ್ಲಿ ಮೆಲ್ಲಗೆ ಕೇಳಿದ: “ಆಜಿ, ತೀ ಕಧೀ ಉಠಣಾರ?”

ಅವಳು ಯಾವಾಗ ಏಳುತ್ತಾಳಂತೆ! ನಾವು ಹೊರಟಾಗಲೂ ಪಾಪ ನಿಂತೇ ಇದ್ದ.