ಕಂಪ್ಯೂಟರ್ ಹಾಳೆಯಲ್ಲಿ ಕುರಿಯವರ ಓಣಿ

ಹೊಸದುರ್ಗದ ಯಾವ ಓಣಿಗೆ ಎಷ್ಟು ನಲ್ಲಿ ಎಂದು ಆ ವರ್ಷ ಬೆಂಗಳೂರಿನ ಕಂಪ್ಯೂಟರ್ ಹೇಳುವುದಿತ್ತು. ಮನೆಮನೆ ಸುತ್ತಿ ಜನರನ್ನು ಎಣಿಸಿ ಫಾರಂ ತುಂಬಿದವಳು ನಾನು. ಹಾಳೆ ಬಂದಾಗ ಕುರಿಯವರ ಓಣಿಗೆ ಒಂದು ನಲ್ಲಿಯೂ ಇರಲಿಲ್ಲ. ಊರಿಗೆ ಮರಳಿದಾಗ ಅಲ್ಲಿಯ ಹೆಂಗಸರು ದೂರದ ಬಾವಿಗೇ ನಡೆಯಬೇಕು.

"ಅಲ್ಲಿ ಜನರೇ ಇಲ್ಲಮ್ಮ. ನೀವೇ ಪ್ರತಿ ಮನೆಗೂ ಬೀಗ ಅಂತ ಬರೆದಿದ್ದೀರಿ, ಅದು ಸೊನ್ನೆ ಆಗಿದೆ," ಎಂದರು ಬೆಂಗಳೂರಿನ ಎಂಜಿನಿಯರು.

"ಕುರಿ ಹೊಡಕೊಂಡು ಹೋಗ್ಯಾರ್ರಿ, ಮಳೆಗಾಲಕ್ಕೆ ಬರ್ತಾರೆ. ಊರಿಗೆಲ್ಲ ಗೊತ್ತೈತೆ."

"ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ."

"ಮತ್ತೆ ಅದನ್ನ ಯಾಕ್ರಿ ಕೇಳಿದ್ರಿ?"

ಅವರು ನಕ್ಕು ಹೊಸ ಫಾರಂ ಕೊಟ್ಟರು. ಅಂಗಡಿಯ ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವಳು ನಾನು, ಬರೆದದ್ದನ್ನು ಸುಲಭಕ್ಕೆ ಬಿಟ್ಟುಕೊಡುವವಳಲ್ಲ. ಮೊದಲು ಬರೆದದ್ದು ತಪ್ಪೆಂದು ಒಪ್ಪಲಿಲ್ಲ, ಇದು ಹೆಚ್ಚಿನ ವಿವರ ಎಂದೇ ತುಂಬಲು ಕುಳಿತೆ. ಓಣಿಯ ಪ್ರತಿ ಮನೆಯವರ ಹೆಸರೂ ನನಗೆ ಬಾಯಿಪಾಠ.

"ಕುರಿಗೂ ನೀರು ಬೇಕಲ್ರಿ, ಎಲ್ಲಿ ಬರೀಲಿ?"

"ಕುರಿಗೆ ಜಾಗ ಇಲ್ಲಮ್ಮ, ಜನರಿಗೆ ಮಾತ್ರ."

ಹಾಗಾಗಿ ಹತ್ತು ಕುರಿಗೆ ಒಂದು ಮಗುವಿನಂತೆ ಲೆಕ್ಕ ಹಿಡಿದು, ಆಯಾ ಮನೆಯ ಮಕ್ಕಳ ಜೊತೆ ಸೇರಿಸಿದೆ. ಓಣಿಗೆ ಎರಡು ನಲ್ಲಿ ಬಂದವು. ಇಷ್ಟು ಮಕ್ಕಳಿಗೆ ಅಲ್ಲೊಂದು ಶಾಲೆಯೂ ಬೇಕೆಂದು ಕಂಪ್ಯೂಟರ್ ಹೇಳಿತಂತೆ. ನಾನು ಬೇಡ ಎನ್ನಲಿಲ್ಲ.