ಪವಿತ್ರ ಬೇಡವೆಂದ ಸೀಟು

ಈ ಬೆಳಿಗ್ಗೆ ಬಿಂಡಿಗನವಿಲೆಯ ಬಸ್ಸಿನಲ್ಲಿ ಒಬ್ಬರು ಕುರಿ ತುಪ್ಪಟದ ಮೂಟೆ ಹೊತ್ತು ಬಂದು ನನ್ನ ಪಕ್ಕ ಕೂತರು. ಹಸಿ ಉಣ್ಣೆಯ ವಾಸನೆಗೆ ಮುಂದಿನ ಸೀಟಿನವರು ಮೂಗಿಗೆ ಸೆರಗು ಹಿಡಿದರು. ನನಗೆ ಪವಿತ್ರ ನೆನಪಾದಳು. ಇಂಥ ವಾಸನೆಗೆ ಗೆಳತಿಯನ್ನು ನೆನೆಯುವುದೇ ಎನ್ನಬೇಡಿ, ಪೂರ್ತಿ ಕೇಳಿ.

ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ನಾಗಮಂಗಲದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿಯ ಅತಿಥಿ ಉಪನ್ಯಾಸಕಿಯರು. ಅತಿಥಿ ಎಂದರೆ ಹೆಸರಿಗೆ ತಕ್ಕಂತೆ, ಯಾವಾಗ ಬೇಕಾದರೂ ಹೊರಡಲು ಸಿದ್ಧವಿರಬೇಕಾದವರು. ಪವಿತ್ರಳಿಗೆ ಪಿಎಚ್‌.ಡಿ. ಮಾಡುವ ಆಸೆ. ತವರಿನವರು ಕುರಿ ಸಾಕುವವರು, ಗಂಡನ ಮನೆ ಸಿಂಧಘಟ್ಟ, ಕಂಕುಳಲ್ಲಿ ಪುಟ್ಟ ಮಗು. ಫೆಲೋಶಿಪ್ ಇಲ್ಲದೆ ಹೋಗುವಂತಿರಲಿಲ್ಲ. ಬಸ್ಸಿನಲ್ಲೇ ಕೂತು ಪ್ರೊಫೆಸರುಗಳಿಗೆಲ್ಲ ಇಮೇಲ್ ಬರೆಯುವಳು. ಎಲ್ಲರಿಗೂ 'ತಮ್ಮ ಘನ ಮಾರ್ಗದರ್ಶನದಲ್ಲಿ' ಎಂಬ ಒಂದೇ ಒಕ್ಕಣೆ. ಅದನ್ನು ತಿದ್ದಿಕೊಟ್ಟವಳು ನಾನು. ಅದಕ್ಕೇ ಇರಬೇಕು, ಯಾರೂ ಉತ್ತರಿಸಲಿಲ್ಲ.

ಕೊನೆಗೊಬ್ಬರು ಕರೆದರು. ಸೀಟು ಇದೆ, ಫೆಲೋಶಿಪ್ ಇಲ್ಲ, ಆಮೇಲೆ ನೋಡೋಣ ಎಂದರು. "ಸಿಕ್ಕಿದ್ದನ್ನ ಹಿಡ್ಕೊಳೆ!" ಎಂದೆ ನಾನು.

"ಇಲ್ಲ ಕಣಕ್ಕ," ಎಂದಳು. "ರಿಸರ್ಚೂ ಕೆಲ್ಸ ತಾನೆ? ನಮ್ಮಪ್ಪ ಕುರಿ ಕಾಯೋನ್ಗೂ ಕೂಲಿ ಕೊಡ್ತಾನೆ. ಆಮೇಲ್ ನೋಡವ ಅಂದ್ರೆ ನನ್ ಮಗೀಗೆ ಏನ್ ಉಣ್ಣಿಸ್ಲಿ?"

ಬೇಡವೆಂದು ಬರೆದು ಕಳಿಸಿದಳು. ಕಳಿಸಿಯಾದ ಮೇಲೆ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗಟ್ಟಿಗಿತ್ತಿಯರು ಅಳುವುದಿಲ್ಲ ಎಂದುಕೊಂಡಿದ್ದೆ. ಹಾಗೇನಿಲ್ಲ.

ಆಮೇಲೆ ನನ್ನ ಒಕ್ಕಣೆಯನ್ನು ಬದಿಗಿಟ್ಟಳು. ನೀರಿನ ಶುದ್ಧೀಕರಣದ ಮೇಲೆ ಕೆಲಸ ಮಾಡುತ್ತಿದ್ದ, ಪ್ರಾಜೆಕ್ಟಿನ ಹಣವಿದ್ದ ಒಂದು ಲ್ಯಾಬನ್ನು ಹುಡುಕಿ, ಅವರ ಪೇಪರುಗಳನ್ನು ಓದಿದಳು. ತವರಿನಲ್ಲಿ ಕೊಳ್ಳುವವರಿಲ್ಲದೆ ತಿಪ್ಪೆ ಸೇರುವ ಒರಟು ಉಣ್ಣೆ ಬೋರ್‌ವೆಲ್ ನೀರಿನ ಫ್ಲೋರೈಡನ್ನು ಹಿಡಿಯಬಲ್ಲದೇ ಎಂದು ಕೇಳಿ ಬರೆದಳು. ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಒಂದು ಪ್ರಶ್ನೆಗೆ, "ಗೊತ್ತಿಲ್ಲ ಸರ್, ಆದ್ರೆ ಹೀಗೆ ಮಾಡಿ ನೋಡ್ತೀನಿ" ಎಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಳಂತೆ. ಫೆಲೋಶಿಪ್ ಸಮೇತ ಸೀಟು ಸಿಕ್ಕಿತು.

ಮನೆಯಲ್ಲಿ ಗಂಡ, ಮಗುವನ್ನು ನೋಡಿಕೊಳ್ಳುವವರು ಯಾರು ಎಂದ. ಉತ್ತರ ಕೊಟ್ಟವರು ಅತ್ತೆ: "ಓಗವ್ವ ನೀನು, ಮಗಾನ ನಾನ್ ನೋಡ್ಕತೀನಿ. ಇವ್ನನ್ನ ಸಾಕ್ದೋರು ಯಾರು ಅನ್ಕಂಡವ್ನೆ?"

ಇವತ್ತು ಬಸ್ಸು ನಾಗಮಂಗಲ ಮುಟ್ಟಿದಾಗ ಇಳಿದವಳೇ ಪವಿತ್ರಳಿಗೆ ಫೋನ್ ಮಾಡಿದೆ. ಉಣ್ಣೆ ಫ್ಲೋರೈಡನ್ನು ಹಿಡಿಯುತ್ತಿಲ್ಲವಂತೆ.

"ಅಯ್ಯೋ, ಇಷ್ಟು ವರ್ಷ ದಂಡವಾಯ್ತಲ್ಲೇ!"

"ದಂಡ ಎಂಗಾಯ್ತದಕ್ಕ? ಬರೀ ಉಣ್ಣೇಲಿ ಆಗಲ್ಲ ಅಂತ ಬರೀತಾವ್ನಿ. ಇನ್ನೊಬ್ರು ಇದೇ ದಾರೀಲಿ ಅಲೀಬಾರ್ದಲ್ಲ," ಎಂದು ನಕ್ಕಳು. ನಾಳೆಯಿಂದ ಉಣ್ಣೆಗೆ ಬೇರೇನನ್ನೋ ಸೇರಿಸಿ ನೋಡುತ್ತಾಳಂತೆ.

ಕಾಲೇಜಿಗೆ ಹೋದರೆ, ಲ್ಯಾಬಿನಲ್ಲಿ ಒಬ್ಬ ಹುಡುಗಿ ರೀಡಿಂಗ್ ತಪ್ಪು ಬಂದಿದೆಯೆಂದು ಅಳುಮೋರೆ ಹಾಕಿಕೊಂಡು ನಿಂತಿದ್ದಳು. ಪಕ್ಕದವಳದ್ದು ನೋಡಿ ಸರಿಮಾಡಿಕೋ ಎನ್ನುವುದು ನಮ್ಮಲ್ಲಿ ರೂಢಿ. ನನ್ನ ಬಾಯಿಗೂ ಅದೇ ಬಂದಿತ್ತು.

"ಬಂದಿದ್ದನ್ನೇ ಬರಿಯಮ್ಮ," ಎಂದೆ. "ಯಾಕೆ ಹಾಗೆ ಬಂತೋ ಇಬ್ಬರೂ ನೋಡೋಣ." ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತೆ.